ಅಂಗೈ ದೂರದ ನೋಟ

ಹೋದ ಕಾರ್ತಿಕದ ಒಂದು ಬೆಳಿಗ್ಗೆ ಕಸ್ತೂರಿಬಾಯಿಗೆ ಅಂಗೈಯಲ್ಲಿದ್ದ ಲಿಂಗ ಕಂಡಿತು.

ಲಿಂಗ ಅಂಗೈಯಲ್ಲಿ ಇದ್ದದ್ದು ಹೊಸದಲ್ಲ. ಕಮಲಾಪುರದ ಈ ಮನೆಗೆ ಸೊಸೆಯಾಗಿ ಬರುವುದಕ್ಕೂ ಮೊದಲು, ಶರಣಸಿರಸಗಿಯ ತವರಿನಲ್ಲಿ ಅಯ್ಯನವರು ಕೊರಳಿಗೆ ಕಟ್ಟಿದಂದಿನಿಂದ, ಜಳಕ ಮಾಡಿ, ಹಣೆಗೆ ವಿಭೂತಿ ಎಳೆದು, ಎಡಗೈಯಲ್ಲಿ ಲಿಂಗ ಹಿಡಿದು ಕೂರದೆ ಆಕೆ ಒಂದು ಗುಟುಕು ಚಹಾ ಕುಡಿದವಳಲ್ಲ. ಹೊಸದೆಂದರೆ ಅದು ಕಣ್ಣಿಗೆ ಕಂಡದ್ದು. ಎಷ್ಟೋ ವರ್ಷಗಳಿಂದ ಅಂಗೈಯೊಳಗೆ ಮಸಿ ಒರೆಸಿದ ಅರಿವೆಯ ಉಂಡೆಯಂತೆ ಕಾಣುತ್ತಿದ್ದದ್ದು ಆವತ್ತು ಅಂಚು ಸಮೇತ, ಮೈಯ ನುಣುಪಿನ ಸಮೇತ, ಆ ನುಣುಪಿನ ಮೇಲೆ ಬಗಲ ದೀಪದಿಂದ ಬಿದ್ದ ಸಾಸಿವೆಯಷ್ಟು ಬೆಳಕಿನ ಚುಕ್ಕೆಯ ಸಮೇತ ಕಂಡಿತು. ಆಕೆ ಕಣ್ಣು ಮುಚ್ಚಿ ಮತ್ತೆ ತೆರೆದಳು. ಚುಕ್ಕೆ ಅಲ್ಲೇ ಇತ್ತು.

ಚುಕ್ಕೆಯ ಮೇಲೆ ಕಣ್ಣು ನೆಡುವುದನ್ನು ಕಲಿಸಿದವನು ಅಪ್ಪ. ಗೇಣು ದೂರದಲ್ಲಿ ಹಿಡಿ, ರೆಪ್ಪೆ ಬಡಿಯಬೇಡ, ಉಸಿರು ತಾನೇ ಸಣ್ಣದಾಗುತ್ತದೆ ಎನ್ನುತ್ತಿದ್ದ. "ಲಿಂಗಕ್ಕೂ ಕಣ್ಣಿಗೂ ನಡುವ ಯಾರನ್ನೂ ಬಿಡಬ್ಯಾಡವ್ವ. ನಿಮ್ಮಪ್ಪನ್ನೂ ಬಿಡಬ್ಯಾಡ" ಎಂದು ನಗುತ್ತಿದ್ದ. ಆ ಮಾತು ಹುಡುಗಿಯ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮುಂದೆ ವಯಸ್ಸು ನಲವತ್ತು ದಾಟಿ ಹತ್ತಿರದ್ದು ಮಸುಕಾಗತೊಡಗಿದಾಗ ಗಂಡ ಅಣವೀರಪ್ಪ ಕಲಬುರಗಿಗೆ ಕರೆದೊಯ್ದು ಚಸ್ಮಾ ಮಾಡಿಸಿಕೊಟ್ಟ. ಅಕ್ಕಿ ಹಸನು ಮಾಡುವಾಗ, ಕುಬಸಕ್ಕೆ ಗುಂಡಿ ಹಚ್ಚುವಾಗ ಆಕೆ ಅದನ್ನು ಹಾಕಿಕೊಂಡಳು. ಪೂಜೆಗೆ ಕೂರುವಾಗ ಮಾತ್ರ ತೆಗೆದು ಗೂಟಕ್ಕೆ ಸಿಕ್ಕಿಸಿದಳು. ಗಾಜೂ ನಡುವೆ ಬರುವ ಒಬ್ಬ ಯಾರೋ ಎಂದೇ ಆಕೆಯ ಲೆಕ್ಕ. ಕಾಣದ ಲಿಂಗವನ್ನೇ ನೋಡುತ್ತ ಕೂತಳು. ಅಣವೀರಪ್ಪ ತೀರಿಕೊಂಡ ವರ್ಷವೂ ಹಾಗೇ ಕೂತಿದ್ದಳು.

ಈಗ ಯಾರೂ ಏನೂ ಮಾಡದೆ, ತಾನಾಗಿ, ಕಂಡಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋದೀತು ಎಂಬ ಅಂಜಿಕೆ.

ಹತ್ತಿರದ್ದು ತಿಳಿಯಾದಷ್ಟೇ ದೂರದ್ದು ಕಲಸಿಕೊಂಡಿತು. ಬಸ್ಸಿನ ಬೋರ್ಡು ಹೋಗಲಿ, ಎದುರು ಬಂದವರ ಮಾರಿಯೂ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಆಕೆ ಚಿಂತೆ ಮಾಡಲಿಲ್ಲ. ಲಿಂಗಯ್ಯ ನೋಟವನ್ನು ಊರ ಮೇಲಿನಿಂದ ಎಳೆದು ತನ್ನ ಹತ್ತಿರ ಇಟ್ಟುಕೊಂಡಿದ್ದಾನೆ, ಅರವತ್ತು ದಾಟಿದವಳಿಗೆ ಊರು ನೋಡಿ ಏನಾಗಬೇಕಾಗಿದೆ ಎಂದುಕೊಂಡಳು. ಹಾಗೆಂದುಕೊಂಡಾಗ ಎಲ್ಲವೂ ಸರಿಯಾಗಿ ಹೊಂದಿ ಕೂತಿತು.

ಓಣಿಗೆ ಸುದ್ದಿ ಮುಟ್ಟಿಸಿದವಳು ಮಗ್ಗುಲ ಮನೆಯ ಚಂದಮ್ಮ. ಅವಳು ಕೌದಿ ಹೊಲಿಯುತ್ತ ಕಟ್ಟೆಯ ಮೇಲೆ ಕೂತಿದ್ದಳು.

"ಕಸ್ತೂರಕ್ಕ, ನಿನ್ನಿ ಅಗಸಿ ಮುಂದ ಎದುರಿಗೇ ಬಂದೆ. ಮಾತಾಡಸಲಿಲ್ಲ, ಬಾಜೂಕ ಸರದು ಹೋದಿ. ಏನ್ ಸಿಟ್ಟದ ನನ್ನ ಮ್ಯಾಲ?"

"ನೀನಾ ಅದು? ನಾ ಯಾರದೋ ಎಮ್ಮಿ ಬಂತಂತ ಸರದೆ."

"ಎಮ್ಮಿ ಅಂದ್ರೂ ಹಾಲ್ ಕೊಡೋ ಎಮ್ಮಿ ಅನ್ನು. ಹಿಂಗ ಬಾ, ಈ ಸೂಜಿಗಿ ದಾರ ಹೋಗವಲ್ದು. ನಿನ್ನ ಚಸ್ಮಾ ಕೊಡು ಸ್ವಲ್ಪ."

ಕಸ್ತೂರಿಬಾಯಿ ಚಸ್ಮಾ ತರಲು ಏಳಲಿಲ್ಲ. ಸೂಜಿ ಇಸಿದುಕೊಂಡು, ದಾರದ ತುದಿಯನ್ನು ನಾಲಿಗೆಗೆ ತಾಕಿಸಿ, ಒಂದೇ ಸಲಕ್ಕೆ ಪೋಣಿಸಿಕೊಟ್ಟಳು. ಚಂದಮ್ಮ ಸೂಜಿಯನ್ನೂ ಈಕೆಯ ಮುಖವನ್ನೂ ನೋಡಿದಳು.

"ಈ ವಯಸ್ಸಿಗಿ ಕಣ್ಣ ಬಂದಾವ ಅನ್ನು. ಹಲ್ಲೂ ಬರತಾವೇನ್ ನೋಡಕೋತ ಇರು" ಎಂದಳು. ಆದರೆ ಸಂಜೆಯೊಳಗೆ ನಾಲ್ಕು ಮನೆಯ ಹೆಂಗಸರು ಸೂಜಿ ಹಿಡಿದು ಬಂದರು. ಒಬ್ಬಳು ಕಾಲು ಮುಟ್ಟಿಯೂ ಹೋದಳು. ಬ್ಯಾಡ ಬ್ಯಾಡ ಎನ್ನುತ್ತಲೇ ಕಸ್ತೂರಿಬಾಯಿ ಕಾಲು ಚಾಚಿದಂತೆಯೇ ಕೂತಿದ್ದಳು. ಇಷ್ಟು ವರ್ಷ ಕಾಣದ್ದನ್ನು ನೋಡುತ್ತ ಕೂತದ್ದಕ್ಕೆ ಇದು ಸಂದ ಫಲವೆಂದು ಮನಸ್ಸು ಒಳಗೊಳಗೇ ಒಪ್ಪಿಕೊಂಡಿತ್ತು.

ಸೊಸೆ ಮಲ್ಲಿಕಾ ಮಹಾಗಾಂವದ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಬಸ್ಸಿಗೆ ಓಡುವವಳು. ಆಕೆಗೆ ಕಂಡದ್ದು ಬೇರೆ. ತುಂಬಿಸಿಟ್ಟ ತಂಬಿಗೆ ಮಧ್ಯಾಹ್ನಕ್ಕೆ ಬರಿದಾಗುತ್ತದೆ. ಅತ್ತೆಯ ಬಳೆ ಮೊಣಕೈವರೆಗೆ ಜಾರುತ್ತದೆ. ಬಚ್ಚಲಲ್ಲಿ ಅತ್ತೆ ಎದ್ದುಹೋದ ಕಡೆ ಇರುವೆ ಸಾಲುಗಟ್ಟುತ್ತವೆ. ಅವಳು ಗಂಡನಿಗೆ ಹೇಳಿದಳು. ಶಿವಶರಣ ತಾಯಿಯನ್ನು ಊರಿನ ದವಾಖಾನೆಗೆ ಕರೆದೊಯ್ದ. ಬೆರಳಿಗೆ ಚುಚ್ಚಿ ನೋಡಿದ ಡಾಕ್ಟರು ಹುಬ್ಬು ಮೇಲೇರಿಸಿ, "ಇಷ್ಟ್ ಶುಗರ್ ಇಟಕೊಂಡು ಹೆಂಗ ನಡದಾಡಾಕತ್ತೀರಿ ಅಮ್ಮಾರ" ಎಂದರು. ಗುಳಿಗೆ ಬರೆದರು. ಬಾಳೆಹಣ್ಣು, ಬೆಲ್ಲ, ಹೋಳಿಗೆ ಬಂದ್ ಎಂದರು. ಕಲಬುರಗಿಗೆ ಹೋಗಿ ಕಣ್ಣು ತೋರಿಸಿ ಎಂದೂ ಹೇಳಿದರು.

"ಕಣ್ಣಿಗೇನ್ ಆಗಿಲ್ರಿ, ಮೊದಲಿಗಿಂತ ಸುದ್ದ ಅದಾವ" ಎಂದಳು ಕಸ್ತೂರಿಬಾಯಿ. ಹೊಲದಲ್ಲಿ ತೊಗರಿ ರಾಶಿಗೆ ಬಂದಿತ್ತು, ತೋಟದಲ್ಲಿ ಕೆಂಪು ಬಾಳೆಯ ಗೊನೆ ಕಡಿಯುವುದಿತ್ತು. ಕಲಬುರಗಿಯ ಮಾತು ಹಿಂದೆ ಬಿತ್ತು.

ಗುಳಿಗೆ ಶುರುವಾಯಿತು. ಮಲ್ಲಿಕಾ ಬಸ್ಸಿಗೆ ಹೋಗುವ ಮುಂಚೆ ಅತ್ತೆಯ ಅಂಗೈಯಲ್ಲಿ ಗುಳಿಗೆ ಇಟ್ಟು, ನೀರಿನ ಲೋಟ ಕೈಗೆ ಕೊಟ್ಟು ಚಪ್ಪಲಿ ಮೆಟ್ಟುತ್ತಿದ್ದಳು. ಸಂಜೆಯದನ್ನೂ ಅವಳೇ ಕೊಡುವಳು. ವಾರದೊಳಗೆ ನೀರಡಿಕೆ ನಿಂತಿತು. ನಿದ್ದೆ ಬಂತು. ಮುಂದಿನ ವಾರ ಪೂಜೆಗೆ ಕೂತಾಗ ಲಿಂಗದ ಅಂಚು ಹರಿದುಹೋದಂತೆ ಕಂಡಿತು. ದೀಪ ಸಣ್ಣದಾಗಿದೆಯೆಂದು ಬತ್ತಿ ಎಳೆದಳು. ಮರುದಿನ ಅಂಗೈಯ ಗೆರೆಗಳು ಹೋದವು. ಅದರ ಮರುದಿನ ಲಿಂಗ ಹೋಯಿತು. ಕೈಯಲ್ಲಿ ಇತ್ತು, ಕಣ್ಣಿಗೆ ಇರಲಿಲ್ಲ. ಮೊದಲಿಗಿಂತಲೂ ಕೆಟ್ಟದಾಗಿ, ಹೊಗೆಯಲ್ಲಿ ಕೈ ಚಾಚಿದಂತೆ. ಅಕ್ಕಿ ಹಸನು ಮಾಡಲು ಹಳೆಯ ಚಸ್ಮಾ ಹಾಕಿ ನೋಡಿದಳು. ಅದರಲ್ಲೂ ಕಲ್ಲಿಗೂ ಕಾಳಿಗೂ ಫರಕು ತಿಳಿಯಲಿಲ್ಲ.

"ಶಿವಶರಣ, ಈ ಗುಳಿಗಿ ನನ್ನ ಕಣ್ಣ ತಿನ್ನಾಕತ್ತಾವ ನೋಡೋ."

ಮಗ ಬಾಳೆ ಒಯ್ಯುವ ಟೆಂಪೋದವನ ಜೊತೆ ಫೋನಿನಲ್ಲಿದ್ದ. ಮಾತು ಮುಗಿಸಿ, "ಗುಳಿಗಿ ಸಕ್ಕರಿ ತಿಂತಾವ ಅವ್ವ, ಕಣ್ಣ ಯಾಕ ತಿಂತಾವ. ವಯಸ್ಸಾಗ್ಯಾದ" ಎಂದ.

"ಕಾರ್ತಿಕದಾಗ ವಯಸ್ಸ ಆಗಿದ್ದಿಲ್ಲೇನು?"

ಅವನು ಮತ್ತೆ ಫೋನಿನ ನಂಬರು ಒತ್ತಿದ. ಮಲ್ಲಿಕಾ, "ರವಿವಾರ ಕಲಬುರಗಿಗಿ ಹೋಗಿ ತೋರಸೋಣ್ರಿ ಅತ್ತಿ" ಎಂದಳು. ಆ ರವಿವಾರ ಗೊನೆ ಕಡಿಯಲು ಆಳು ಬಂದರು. ಮುಂದಿನ ರವಿವಾರ ಮಲ್ಲಿಕಾಳಿಗೆ ಶಾಲೆಯ ಕೆಲಸ ಬಂತು.

ಕಸ್ತೂರಿಬಾಯಿ ಕಾಯಲಿಲ್ಲ. ಮಲ್ಲಿಕಾ ಕೈಯಲ್ಲಿಟ್ಟ ಗುಳಿಗೆಯನ್ನು ನಾಲಿಗೆಯ ಕೆಳಗೆ ಒತ್ತಿ, ಮೇಲೆ ನೀರು ಕುಡಿದು, ಸೊಸೆಯ ಚಪ್ಪಲಿ ಸದ್ದು ಓಣಿ ದಾಟಿದ ಮೇಲೆ ಬಚ್ಚಲಿಗೆ ಹೋಗಿ ಉಗುಳಿ ನೀರು ಹೊಯ್ದಳು. ಸಂಜೆಯದನ್ನು ಸೊಸೆ ಒಲೆಯ ಕಡೆ ತಿರುಗಿದಾಗ ಉಗುಳಿದಳು. ಪರೀಕ್ಷೆ ಮಾಡಿ ನೋಡುವುದು ಆಕೆಯ ಮನಸ್ಸಿನಲ್ಲಿತ್ತು. ಬೀಜ ಹುಟ್ಟುತ್ತದೋ ಇಲ್ಲವೋ ಎಂದು ಹಸಿ ಅರಿವೆಯಲ್ಲಿ ಕಟ್ಟಿಟ್ಟು ನೋಡುವ ಮನೆಯವಳು ಆಕೆ. ಕೇಳಿದ್ದನ್ನು ನಂಬುವುದಕ್ಕಿಂತ ಕಂಡದ್ದನ್ನು ನಂಬುವವಳು. ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ನೀರಡಿಕೆ ಮರಳಿತು. ಅದರ ಹಿಂದೆಯೇ ಒಂದು ಬೆಳಿಗ್ಗೆ ಲಿಂಗವೂ ಮರಳಿತು, ಅಂಚು, ನುಣುಪು, ಚುಕ್ಕೆ, ಎಲ್ಲ. ಆಕೆ ಅತ್ತಳು. ಇನ್ನು ಯಾವ ಡಾಕ್ಟರು ಏನು ಹೇಳಿದರೂ ಕೇಳುವುದು ಉಳಿದಿರಲಿಲ್ಲ. ಬಿಟ್ಟರೆ ಕಾಣುತ್ತದೆ, ನುಂಗಿದರೆ ಹೋಗುತ್ತದೆ. ಕಣ್ಣಾರೆ ಕಂಡಾಗಿತ್ತು.

ಯುಗಾದಿ ಮುಗಿದ ಮೇಲೆ ಶಿವಶರಣ ತಾಯಿಯನ್ನು ಮತ್ತೆ ರಕ್ತ ನೋಡಿಸಲು ಕರೆದೊಯ್ದ. ಸಕ್ಕರೆ ಎಲ್ಲಿತ್ತೋ ಅಲ್ಲೇ ಇತ್ತು. "ತಿನ್ನೋದರಾಗ ಏನೋ ತಪ್ಪಾಕತ್ತದ" ಎಂದರು ಡಾಕ್ಟರು. ಗುಳಿಗೆ ಹೆಚ್ಚಿಸಿದರು. ಶಿವಶರಣ ಮನೆಗೆ ಬಂದವನೇ ಅಡಿಗೆ ಮನೆಯ ಬಾಗಿಲಲ್ಲಿ ನಿಂತ. ಒಳಕೋಣೆಯಲ್ಲಿ ಕೆಂಪು ಬಾಳೆಯ ಗೊನೆಗಳು ಹಣ್ಣಾಗಲು ಇಟ್ಟಿದ್ದವು, ಮನೆಯ ತುಂಬ ಅದರದೇ ವಾಸನೆ.

"ಅವ್ವಗ ಬಾಳಿಹಣ್ಣ ಕೊಡಾಕತ್ತೀ ಏನು?"

"ನಾ ಯಾಕ ಕೊಡಲಿ?" ಎಂದಳು ಮಲ್ಲಿಕಾ.

"ಮತ್ತ ಹೆಂಗ ಏರತದ? ನೀ ಮಹಾಗಾಂವಕ್ಕ ಹೋಗಿ ಊರ ಮಕ್ಕಳನ್ನ ಸುಧಾರಸ್ತಿ. ಮನ್ಯಾಗ ಒಂದು ಜೀವ ನೋಡಕೊಳ್ಳಾಕ ಆಗಲ್ಲ ನಿನಗ."

ಕಸ್ತೂರಿಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಎಲ್ಲ ಕೇಳಿಸಿತು. ಮಲ್ಲಿಕಾ ತನ್ನತ್ತ ತಿರುಗಿ ನೋಡುತ್ತಿದ್ದಾಳೆ ಎಂಬುದೂ ತಿಳಿಯಿತು. ಅಷ್ಟು ದೂರದ ಮುಖದಲ್ಲಿ ಏನಿದೆ ಎಂಬುದು ಕಾಣಲಿಲ್ಲ. ಕಾಣದ್ದು ಒಳ್ಳೆಯದೇ ಆಯಿತು ಎಂದುಕೊಂಡಳು. ಬಾಯಿ ತೆರೆಯಬೇಕೆಂದು ಒಮ್ಮೆ ಅನ್ನಿಸಿತು. ತೆರೆದರೆ ನಾಳೆಯಿಂದ ಗುಳಿಗೆ ನುಂಗುವವರೆಗೆ ಎದುರು ನಿಲ್ಲುತ್ತಾರೆ. ಬೆಳಗಿನ ಪೂಜೆ ನೆನಪಾಯಿತು. ತುಟಿ ಹೊಲಿದುಕೊಂಡು ಕೂತಳು.

ಅಂದಿನಿಂದ ಮಲ್ಲಿಕಾ ಒಳಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ಗಂಡನ ಮುಂದೆ ಇಟ್ಟಳು. ಊಟಕ್ಕೆ ನೀಡುವಾಗ ಅತ್ತೆಯ ತಾಟನ್ನು ಅವನಿಗೆ ತೋರಿಸಿ ನೀಡುವಳು. ಮಾತು ಬೇಕಾದಷ್ಟೇ. ಮನೆಯಲ್ಲಿ ಜಗಳ ಇರಲಿಲ್ಲ. ಜಗಳವಿದ್ದಿದ್ದರೆ ಚೆನ್ನಾಗಿತ್ತು ಎನ್ನುವ ಹಾಗೆ ಇತ್ತು. ಚಂದಮ್ಮ ಒಂದು ದಿನ ಕಟ್ಟೆಯ ಮೇಲೆ ಕೂತು, "ನಿನ್ನ ಸೊಸಿ ಕದ್ದು ಹಣ್ಣ ತಿನಸ್ತಾಳಂತ ಹೌದೇನಕ್ಕ? ನನ್ನ ಸೊಸಿ ಕೇಳಿದರೂ ಕೊಡಂಗಿಲ್ಲ" ಎಂದು ನಕ್ಕಳು. ಕಸ್ತೂರಿಬಾಯಿಗೆ ನಗು ಬರಲಿಲ್ಲ. ಅಲ್ಲ ಎನ್ನುವುದಕ್ಕೂ ಬಾಯಿ ಬರಲಿಲ್ಲ.

ಬಿಸಿಲು ಬಲಿತ ಒಂದು ಬೆಳಿಗ್ಗೆ ಲಿಂಗದ ಮೇಲೆ ಕೂದಲೊಂದು ಬಿದ್ದಿತ್ತು. ಬೆರಳಿನಿಂದ ತೆಗೆದಳು. ಹೋಗಲಿಲ್ಲ. ಅರಿವೆಯಿಂದ ಒರೆಸಿದಳು. ಕೂದಲು ಲಿಂಗದ ಮೇಲಿಂದ ಜಾರಿ ಅಂಗೈ ಮೇಲೆ ಬಂತು, ಅಂಗೈಯಿಂದ ಗೋಡೆಗೆ ಹೋಯಿತು. ಕಣ್ಣು ಹೊರಳಿದತ್ತ ಅದೂ ಹೊರಳುತ್ತಿತ್ತು. ಬಲಗಣ್ಣು ಮುಚ್ಚಿದಾಗ ಮಾಯವಾಯಿತು. ತೆರೆದಾಗ ಮತ್ತೆ ಬಂತು. ಈ ಸಲ ಜೊತೆಗೆ ಮಸಿ ನೀರಿನ ಹನಿಯಂಥದ್ದು, ಮೆಲ್ಲಗೆ ಕೆಳಗಿಳಿಯುತ್ತ. ಆಕೆ ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಿದಳು.

ಮಲ್ಲಿಕಾ ಚೀಲ ಹೆಗಲಿಗೇರಿಸುತ್ತಿದ್ದಳು.

"ಮಲ್ಲಿಕಾ, ಇವತ್ತ ಶಾಲಿಗಿ ಹೋಗಬ್ಯಾಡವ್ವ. ನನ್ನ ಕಣ್ಣಾಗ ಏನೋ ಇಳಿಯಾಕತ್ತದ."

ಮಲ್ಲಿಕಾ ಹತ್ತಿರ ಬಂದು ಅತ್ತೆಯ ಕಣ್ಣನ್ನು ನೋಡಿದಳು. ಹೊರಗೆ ಏನೂ ಇರಲಿಲ್ಲ. ಆದರೂ ಚೀಲ ಕೆಳಗಿಟ್ಟು ಫೋನ್ ತೆಗೆದಳು.

ಮೂವರೂ ಬಸ್ಸಿನಲ್ಲಿ ಕಲಬುರಗಿಗೆ ಬಂದರು. ಕಣ್ಣಿನ ದವಾಖಾನೆಯಲ್ಲಿ ಜನ ಕಿಕ್ಕಿರಿದಿದ್ದರು. ಒಬ್ಬಳು ಹುಡುಗಿ ಕಣ್ಣಿಗೆ ಉರಿಯುವ ಹನಿ ಹಾಕಿ ಮುಚ್ಚಿಕೊಂಡು ಕೂರಿ ಎಂದಳು. ಮತ್ತೆ ಹಾಕಿದಳು. ಕಣ್ಣು ತೆರೆದಾಗ ಕಿಟಕಿಗಳೆಲ್ಲ ಬೆಂಕಿ ಹತ್ತಿದಂತೆ ಬೆಳ್ಳಗೆ, ಹತ್ತಿರದ್ದು ಹಿಟ್ಟು ಹಿಟ್ಟು. ಒಳಗೆ ಡಾಕ್ಟರ್ ರಾಜೇಶ್ರೀ ಗದ್ದವನ್ನು ಯಂತ್ರದ ಮೇಲೆ ಇಡಿಸಿ, ಮೇಲೆ ನೋಡ್ರಿ, ಕೆಳಗ ನೋಡ್ರಿ ಎಂದು ಬಹಳ ಹೊತ್ತು ನೋಡಿದರು. ಆಡುವ ಮಾತು ಈ ಕಡೆಯದೇ ಆಗಿತ್ತು.

"ಶುಗರ್ ಗುಳಿಗಿ ಬರೋಬ್ಬರಿ ತಗೋತೀರೇನ್ರಿ ಅಮ್ಮಾರ?"

"ತಗೋತೀನ್ರಿ" ಎಂದಳು ಕಸ್ತೂರಿಬಾಯಿ.

"ನಾ ದಿನಾ ಕೈಯಾಗ ಕೊಡತೀನ್ರಿ ಮೇಡಂ" ಎಂದಳು ಮಲ್ಲಿಕಾ. ಶಿವಶರಣ, "ಗುಳಿಗಿ ತಗೋತಾಳ್ರಿ, ಬಾಯಿ ಬಂದ್ ಇಲ್ರಿ" ಎಂದ. ಮಲ್ಲಿಕಾ ನೆಲ ನೋಡಿದಳು.

ಡಾಕ್ಟರು ದೀಪ ಆರಿಸಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಕಣ್ಣು ಮಬ್ಬಾಗಿದ್ದು ಯಾವಾಗಿಂದ, ಸಾವಕಾಶ ಹೇಳ್ರಿ."

ಯಾರೂ ಹೀಗೆ ಕೇಳಿರಲಿಲ್ಲ. ಕಸ್ತೂರಿಬಾಯಿಗೆ ಹೇಳಬೇಕೆನ್ನಿಸಿತು. ಕಾರ್ತಿಕದಲ್ಲಿ ಚಸ್ಮಾ ಇಲ್ಲದೆ ಸೂಜಿ ಪೋಣಿಸಿದ್ದು, ಲಿಂಗ ಕಂಡದ್ದು, ಗುಳಿಗೆ ಶುರುವಾದ ಮೇಲೆ ಅದು ಹೋದದ್ದು. ಡಾಕ್ಟರು ನಡುವೆ ಬಾಯಿ ಹಾಕದೆ ತಲೆಯಾಡಿಸುತ್ತ ಕೇಳಿದರು.

"ಆಮ್ಯಾಲ ಮತ್ತ ಯಾವಾಗರ ಸುದ್ದ ಆಗಿತ್ತೇನ್ರಿ, ಕಾರ್ತಿಕದಾಗ ಕಂಡಂಗ?"

"ಆಗಿತ್ತಲ್ರಿ. ಯುಗಾದಿಗಿಂತ ಮೊದಲಿಂದ ಸುದ್ದ ಅದ. ಇವತ್ತ ಮುಂಜಾನಿ ಈ ಕೂದಲ ಬರೋತನಾ ಹರಳಿನಂಗ ಕಂಡದ." ಹೇಳುವಾಗ ಆಕೆಯ ದನಿಯಲ್ಲಿ ಹೆಮ್ಮೆಯೇ ಇತ್ತು.

ಡಾಕ್ಟರು ಆಕೆಯತ್ತ ಬಾಗಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹಂಗಾದ್ರ ಆವಾಗಿಂದ ಗುಳಿಗಿ ಹೊಟ್ಟಿಗಿ ಹೋಗಿಲ್ರಿ ಅಮ್ಮಾರ. ಹೌದಲ್ರಿ?"

ಕಸ್ತೂರಿಬಾಯಿ ಮೊದಲು ಡಾಕ್ಟರತ್ತ, ಆಮೇಲೆ ಮಗ ನಿಂತಿದ್ದ ಕಡೆಗೆ ನೋಡಿದಳು. ಬಿಳಿ ಬೆಳಕಿನಲ್ಲಿ ಮಗ ಒಂದು ಕಲೆಯಾಗಿ ನಿಂತಿದ್ದ.

"ಹೋಗಿಲ್ರಿ" ಎಂದಳು.

"ಅಂದ್ರ?" ಎಂದ ಶಿವಶರಣ.

"ಬಚ್ಚಲದಾಗ ಉಗಳತಿದ್ದೆ. ಮಲ್ಲಿಕಾ ಅತ್ತ ಹೋದ ಮ್ಯಾಲ. ಬಾಳಿಹಣ್ಣ ಯಾರೂ ಕೊಟ್ಟಿಲ್ಲ. ಒಂದೂ ತಿಂದಿಲ್ಲ ನಾ."

ಶಿವಶರಣ ಏನೋ ಅನ್ನಲು ಹೋಗಿ ಹೆಂಡತಿಯತ್ತ ನೋಡಿ ನಿಲ್ಲಿಸಿದ. ಡಾಕ್ಟರು ಮಾತ್ರ ಸಿಟ್ಟು ಮಾಡದೆ, ಇದು ಬಹಳ ಮಂದಿಗೆ ಆಗುವಂಥದ್ದೇ ಎನ್ನುವಂತೆ ತಿಳಿಸಿ ಹೇಳಿದರು. ಕಣ್ಣಿನೊಳಗೆ ಒಂದು ತಿಳಿಯಾದ ಬೇಳೆಯಂಥ ಮಸೂರ ಇರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಅದು ನೀರು ಹೀರಿ, ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತದೆ. ಉಬ್ಬಿದಾಗ ದೂರದ್ದು ಕಲಸುತ್ತದೆ, ಹತ್ತಿರದ್ದು ಚಸ್ಮಾ ಇಲ್ಲದೆಯೂ ಕಾಣುತ್ತದೆ. ಗುಳಿಗೆ ತೆಗೆದುಕೊಂಡು ಸಕ್ಕರೆ ಇಳಿದಾಗ ಉಬ್ಬು ಇಳಿಯುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಕಣ್ಣು ಹದಕ್ಕೆ ಬರಲು ತಿಂಗಳು, ಒಂದೂವರೆ ತಿಂಗಳು ಬೇಕು. ಆಮೇಲೆ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಚಸ್ಮಾ. ಈಗಲೇ ಮಾಡಿಸಿದರೆ ಹದಿನೈದು ದಿನಕ್ಕೆ ಅದು ಕೆಲಸಕ್ಕೆ ಬಾರದು.

"ಗುಳಿಗಿ ಕಣ್ಣ ತಿಂದಿಲ್ರಿ. ಗುಳಿಗಿ ಕೆಲಸ ಮಾಡಾಕತ್ತದ ಅನ್ನೋದಕ್ಕ ಆ ಮಬ್ಬೇ ಗುರ್ತು ಇತ್ತು."

"ಈ ಕೂದಲರೀ?"

"ಅದು ಬ್ಯಾರೆ. ಕಣ್ಣಿನ ಹಿಂದ ಪರದಿ ಅದ. ಅದರ ಮ್ಯಾಲಿನ ಸಣ್ಣ ನರ ಒಡದು ರಕ್ತ ಜಿನುಗಾಕತ್ತದ. ಬ್ಯಾನಿ ನಿಮಗ ಗೊತ್ತಿಲ್ಲದಂಗ ಭಾಳ ವರ್ಷದಿಂದ ಒಳಗ ಇದ್ದಿರಬೇಕು. ಗುಳಿಗಿ ಬಿಟ್ಟಿದ್ದಕ್ಕ ಜಾಸ್ತಿ ಆಗ್ಯಾದ. ಮುಂದಿನ ವಾರ ಬರ್ರಿ, ಲೇಸರ್ ಹೊಡೀಬೇಕು. ಹೋದದ್ದು ಬರತದಂತ ನಾ ಹೇಳಲ್ಲ. ಇದ್ದದ್ದು ಉಳಸಾಕ ನೋಡೋಣು. ಆದ್ರ ಸಕ್ಕರಿ ಹಿಂಗೇ ಇದ್ರ ಹತ್ತಿರದ್ದೂ ಇಲ್ಲ, ದೂರದ್ದೂ ಇಲ್ಲ. ಕತ್ತಲ."

ಕಸ್ತೂರಿಬಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಬಾಯಾರ, ಒಂದು ಕೇಳತೀನಿ. ಕಾರ್ತಿಕದಾಗ ನನಗ ಲಿಂಗ ಕಂಡದ್ದು ಬರೇ ಬ್ಯಾನೀನೇ ಏನು?"

ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿದರು. "ಕಣ್ಣಿಂದು ನಾ ಹೇಳಬಲ್ಲೆ ಅಮ್ಮಾರ. ಉಬ್ಬಿತ್ತು, ಕಂಡಿತು. ಅದರಕಿಂತ ಆಚಿಗಿಂದು ನನಗ ಗೊತ್ತಿಲ್ರಿ" ಎಂದರು. ಹೊರಗೆ ಮುಂದಿನವರ ಹೆಸರು ಕೂಗಿದರು.

ಬಿಸಿಲಿಗೆ ಬಂದಾಗ ಕಸ್ತೂರಿಬಾಯಿಗೆ ಕಣ್ಣು ತೆರೆಯಲಾಗಲಿಲ್ಲ. ಔಷಧದಂಗಡಿ ಮುಂದೆ ಶಿವಶರಣ ಸಾಲಿನಲ್ಲಿ ನಿಂತ. ನಿಲ್ಲುವ ಮುಂಚೆ ಮಲ್ಲಿಕಾಳಿಗೆ, "ಶಹಾಬಜಾರದಾಗ ಆ ಖಾನಾವಳಿ ಅದಲ್ಲ, ಅಲ್ಲಿ ಕುಂದ್ರಿಸು. ಉಂಡಿಲ್ಲ ಅಕಿ. ನೀನೂ ಉಂಡಿಲ್ಲ" ಎಂದ. ಕಡೆಯ ಮಾತನ್ನು ಬೇರೆಲ್ಲೋ ನೋಡುತ್ತ ಆಡಿದ. ಮಲ್ಲಿಕಾ ಅತ್ತೆಯ ಮೊಣಕೈ ಹಿಡಿದು ನಡೆಸಿಕೊಂಡು ಹೊರಟಳು.

ಆಟೊ ಇಳಿದ ಮೇಲೆ ಸಂದಿಯಲ್ಲಿ ಬೈಕುಗಳು ಮೈಗೆ ತಾಗಿಕೊಂಡೇ ಹೋಗುತ್ತಿದ್ದವು. ಕಸ್ತೂರಿಬಾಯಿ ಕಣ್ಣು ಮುಚ್ಚಿಕೊಂಡೇ ಸೊಸೆಯ ಕೈಯ ಎಳೆತಕ್ಕೆ ಹೆಜ್ಜೆ ಹಾಕಿದಳು. ಮೆಟ್ಟಿಲು ಬಂದಲ್ಲಿ ಆ ಕೈ ಸ್ವಲ್ಪ ಮೇಲೇಳುತ್ತಿತ್ತು, ಗಟಾರ ಬಂದಲ್ಲಿ ತಡೆಯುತ್ತಿತ್ತು. ಖಾನಾವಳಿಯ ಮೂಲೆಯ ಬಾಕಿನ ಮೇಲೆ ಕೂತ ಮೇಲೆ ಮಲ್ಲಿಕಾ ಮಾತಾಡಿದಳು.

"ನಾ ಹಣ್ಣ ತಿನಸ್ತೀನಿ ಅಂತ ಅವರು ಅಂದಾಗ ನೀವು ಪಡಸಾಲ್ಯಾಗ ಕುಂತಿದ್ರಿ."

"ಕುಂತಿದ್ದೆ."

"ಕೇಳಸ್ತಿತ್ತು."

"ಕೇಳಸ್ತಿತ್ತು."

"ಓಣಿ ತುಂಬಾ ಅಂದ್ರು ಅತ್ತಿ. ಚಂದಮ್ಮನ ಸೊಸಿ ಬಸ್ಸಿನಾಗ ಎಲ್ಲರ ಮುಂದ ಕೇಳಿದಳು ನನಗ. ಅತ್ತಿ ಜಲ್ದಿ ಹೋಗಲಿ ಅಂತ ತಿನಸ್ತೀಯೇನು ಅಂತ. ನಕ್ಕೋತ ಕೇಳಿದಳು."

ಕಸ್ತೂರಿಬಾಯಿ ಇದನ್ನು ಕೇಳಿರಲಿಲ್ಲ. "ನನಗ ಬರೇ ಅದು ಕಾಣಬೇಕಾಗಿತ್ತು ಮಲ್ಲಿಕಾ" ಎಂದಳು. "ಅದರ ಹೊರತು ಏನೂ ಕಂಡಿಲ್ಲ ನನಗ. ನೀನೂ ಕಂಡಿಲ್ಲ."

ತಾಟು ಬಂದವು. ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಮುಷ್ಟಿ ಅನ್ನ, ಬೇಳೆ. ಕಸ್ತೂರಿಬಾಯಿಗೆ ಹನಿಯ ಮಬ್ಬಿನಲ್ಲಿ ತಾಟು ಒಂದು ಬಣ್ಣದ ಕೆಸರಾಗಿ ಕಂಡಿತು. ಎಂದಿನಂತೆ ಕೊರಳ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದಳು. ಲಿಂಗಕ್ಕೆ ತೋರಿಸದೆ ಒಂದು ತುತ್ತೂ ಬಾಯಿಗೆ ಹೋಗಬಾರದು. ತೋರಿಸಿದ ಮೇಲೆ ಅದು ಪ್ರಸಾದ, ಒಂದು ಅಗುಳೂ ಚೆಲ್ಲುವಂತಿಲ್ಲ. ಹೋಳಿಗೆಯಿಂದ ಹಿಡಿದು ಸುಂಠಿ ಕಷಾಯದವರೆಗೆ ಈ ಮೈಯೊಳಗೆ ಹೋದದ್ದೆಲ್ಲ ಹಾಗೆ ಹೋಗಿತ್ತು. ಗುಳಿಗೆ ಮಾತ್ರ ಹೋಗಿರಲಿಲ್ಲ. ಅದನ್ನು ಪರರ ಸೊತ್ತೆಂದೇ ಬಗೆದಿದ್ದಳು. ಅದಕ್ಕೇ ಉಗುಳಲು ಮನಸ್ಸು ಬಂದಿತ್ತು.

"ಇವತ್ತಿನ ಗುಳಿಗಿ ಅದೇನು ನಿನ್ನ ಚೀಲದಾಗ?"

"ಅದ."

"ಕೊಡು."

ಮಲ್ಲಿಕಾ ಚೀಲದಿಂದ ಪಟ್ಟಿ ತೆಗೆದು, ಗುಳಿಗೆ ಬಿಡಿಸಿ ಅತ್ತೆಯ ಅಂಗೈಗೆ ಚಾಚಿದಳು. ಕಸ್ತೂರಿಬಾಯಿ ಅಂಗೈ ಒಡ್ಡಲಿಲ್ಲ.

"ಇಲ್ಲಿ ಬ್ಯಾಡ. ತಾಟಿನಾಗ ಇಡು."

ಮಲ್ಲಿಕಾ ಅರ್ಥವಾಗದೆ ಆಕೆಯ ಮುಖ ನೋಡಿದಳು. ಆಮೇಲೆ ಅರ್ಥವಾಯಿತು. ರೊಟ್ಟಿಯ ಮಗ್ಗುಲಿಗೆ, ಅನ್ನದ ಅಂಚಿನಲ್ಲಿ ಗುಳಿಗೆ ಇಟ್ಟಳು. ಕಸ್ತೂರಿಬಾಯಿ ಬಲಗೈಯಿಂದ ತಾಟನ್ನು ಸ್ವಲ್ಪ ಎತ್ತಿ, ಎದೆಯ ಹತ್ತಿರದ ಕರಡಿಗೆಗೆ ಮುಟ್ಟುವಷ್ಟು ಸನಿಹ ತಂದು, ತುಟಿಯಲ್ಲೇ ಮಂತ್ರ ಹೇಳಿಕೊಂಡಳು. ಎಂದಿಗಿಂತ ಬಹಳ ಹೊತ್ತು ಹಿಡಿಯಿತು. ನಾಳೆ ಬೆಳಿಗ್ಗೆಯೋ, ಮುಂದಿನ ವಾರವೋ ಅಂಗೈಯೊಳಗೆ ಮತ್ತೆ ಹೊಗೆ ತುಂಬುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಒಂದೂವರೆ ತಿಂಗಳ ಆಚೆ ಯಾವ ಕಣ್ಣು ಉಳಿದಿರುತ್ತದೋ ಎಂಬುದು ಗೊತ್ತಿರಲಿಲ್ಲ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದನೋ, ಅದೂ ಗೊತ್ತಿರಲಿಲ್ಲ.

ತಾಟು ಇಳಿಸಿದಳು. ಗುಳಿಗೆಯೂ ಬಿಳಿ, ಅನ್ನವೂ ಬಿಳಿ. ಕಣ್ಣಿಗೆ ಬೇರೆಯಾಗಲಿಲ್ಲ. ಬೆರಳಿನಿಂದ ತಡಕಾಡಿದಳು. ಗಟ್ಟಿಯಾದದ್ದೊಂದು ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಮಲ್ಲಿಕಾ ಸಹಾಯಕ್ಕೆ ಕೈ ಚಾಚಲಿಲ್ಲ, ಮುಖವನ್ನು ಆಚೆ ತಿರುಗಿಸಲೂ ಇಲ್ಲ. ಕಸ್ತೂರಿಬಾಯಿ ಗುಳಿಗೆಯನ್ನು ಬಾಯಿಗೆ ಹಾಕಿ ನೀರು ಕುಡಿದಳು. ನುಂಗಿದ್ದು ಗಂಟಲಲ್ಲಿ ಸ್ವಲ್ಪ ಹೊತ್ತು ತಡೆದು, ಆಮೇಲೆ ಇಳಿಯಿತು.

ಆಕೆ ಬಾಯಿ ತೆರೆದು, ನಾಲಿಗೆ ಎತ್ತಿ, ಸೊಸೆಗೆ ತೋರಿಸಿದಳು.

ಮಲ್ಲಿಕಾ ನೋಡಿದಳು. ತನ್ನ ತಾಟನ್ನು ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದಳು.